0ಡಬ್ಲ್ಯು-20, 5ಡಬ್ಲ್ಯು-30, 15ಡಬ್ಲ್ಯು-40: ಒಂದೇ ಎಂಜಿನ್‌ನಲ್ಲಿ ಮೂರು ಆಯಿಲ್‌ಗಳು

ನನ್ನ 1.2 ಲೀಟರ್ ಪೆಟ್ರೋಲ್ ಕಾರಿನ ಕೈಪಿಡಿಯಲ್ಲಿ 0ಡಬ್ಲ್ಯು-20 ಮೊದಲ ಆಯ್ಕೆ, 5ಡಬ್ಲ್ಯು-30 ಎರಡನೆಯದು. ಆದರೆ ನಮ್ಮ ಗ್ಯಾರೇಜುಗಳಲ್ಲಿ "ಇಲ್ಲಿನ ಬಿಸಿಲಿಗೆ ದಪ್ಪ ಆಯಿಲೇ ಬೇಕು" ಎಂಬ ಮಾತು ಇಂದಿಗೂ ಬಲವಾಗಿದೆ. ವಾರಂಟಿ ಮುಗಿದಿದ್ದ ಕಾರಣ, ಗ್ಯಾರೇಜಿನವರು ಸೂಚಿಸಿದ 15ಡಬ್ಲ್ಯು-40 ಅನ್ನೂ ಸೇರಿಸಿಕೊಂಡು, ಮೂರನ್ನೂ ಒಂದೊಂದು ಅವಧಿಗೆ ಹಾಕಿಸಿ ಪರೀಕ್ಷಿಸಿದೆ. ಬೆಂಗಳೂರಿನ ದಟ್ಟಣೆ, ಬೇಸಿಗೆಯ ಕಲಬುರಗಿ ದಾರಿ, ಚಾರ್ಮಾಡಿ ಘಟ್ಟ ಈ ಮೂರೂ ಪ್ರತಿ ಅವಧಿಯಲ್ಲಿ ಬಂದಿದ್ದರಿಂದ ಹೋಲಿಕೆ ಸಾಧ್ಯವಾಯಿತು.

ಈ ಹೆಸರುಗಳ ಕೊನೆಯ ಅಂಕಿ ಬಿಸಿಯಾದ ಆಯಿಲ್ ಎಷ್ಟು ದಪ್ಪ ಎಂಬುದನ್ನು ಸೂಚಿಸುತ್ತದೆ. ಆಯಿಲ್ ದರ್ಜೆಗಳನ್ನು ನಿಗದಿಪಡಿಸುವ ಎಸ್‌ಎಇ ಸಂಸ್ಥೆಯ ಮಾನದಂಡದ ಪ್ರಕಾರ 100 ಡಿಗ್ರಿ ಸೆಲ್ಸಿಯಸ್‌ನಲ್ಲಿ 20ರ ಆಯಿಲಿನ ಸ್ನಿಗ್ಧತೆ, ಅಂದರೆ ದಪ್ಪ, 6.9ರಿಂದ 9.3, 30ರದ್ದು 9.3ರಿಂದ 12.5, 40ರದ್ದು 12.5ರಿಂದ 16.3 ಸೆಂಟಿಸ್ಟೋಕ್ಸ್ ಒಳಗಿರಬೇಕು. ಮೊದಲ ಅಂಕಿ ಚಳಿಗೆ ಸಂಬಂಧಿಸಿದ್ದು: 0ಡಬ್ಲ್ಯು ಆಯಿಲನ್ನು ಸೊನ್ನೆಗಿಂತ 35 ಡಿಗ್ರಿ ಕೆಳಗೆ, 15ಡಬ್ಲ್ಯು ಆಯಿಲನ್ನು 20 ಡಿಗ್ರಿ ಕೆಳಗೆ ಎಂಜಿನ್ ತಿರುಗಿಸುವ ಸಾಮರ್ಥ್ಯಕ್ಕಾಗಿ ಪರೀಕ್ಷಿಸುತ್ತಾರೆ. ಅಂಥ ಚಳಿ ಕರ್ನಾಟಕದಲ್ಲಿ ಎಲ್ಲಿಯೂ ಇಲ್ಲವಾದ್ದರಿಂದ ಈ ಅಂಕಿಯನ್ನು ಕಡೆಗಣಿಸಬಹುದೆಂದು ಹಲವರು ನಂಬಿದ್ದಾರೆ, ನಾನು ಒಪ್ಪುವುದಿಲ್ಲ. 40 ಡಿಗ್ರಿಯಲ್ಲಿ ಕೂಡ 0ಡಬ್ಲ್ಯು-20 ಸಾಮಾನ್ಯವಾಗಿ 45 ಸೆಂಟಿಸ್ಟೋಕ್ಸ್ ಆಸುಪಾಸಿನಲ್ಲಿದ್ದರೆ 15ಡಬ್ಲ್ಯು-40 ನೂರನ್ನು ದಾಟಿರುತ್ತದೆ. ಬೆಂಗಳೂರಿನ ಡಿಸೆಂಬರ್ ಬೆಳಗ್ಗೆ ಈ ಅಂತರ ಇನ್ನೂ ದೊಡ್ಡದು.

ಅದು ಕಿವಿಗೇ ಕೇಳಿಸಿತು. ರಾತ್ರಿಯಿಡೀ ನಿಂತ ಕಾರನ್ನು 15ಡಬ್ಲ್ಯು-40 ಇದ್ದಾಗ ಚಾಲೂ ಮಾಡಿದರೆ ಟೈಮಿಂಗ್ ಚೈನ್ ಕಡೆಯ ಗರಗರ ಸದ್ದು ಅಡಗಲು ಸ್ವಲ್ಪ ಹೊತ್ತು ಹಿಡಿಯುತ್ತಿತ್ತು. ಚೈನಿನ ಬಿಗಿ ಹಿಡಿಯುವ ಭಾಗ ಆಯಿಲ್ ಒತ್ತಡದಿಂದಲೇ ಕೆಲಸ ಮಾಡುವುದರಿಂದ ಇದು ಸಹಜ. ಮೈಲೇಜ್ ಕೂಡ ಇಳಿಯಿತು. 0ಡಬ್ಲ್ಯು-20 ಇದ್ದಾಗ ಆ ಸದ್ದು ಕೇಳಿದ ನೆನಪೇ ಇಲ್ಲ. ಸಿಗ್ನಲ್‌ನಿಂದ ಸಿಗ್ನಲ್‌ಗೆ ಓಡುವಾಗ ಎಂಜಿನ್ ಹಗುರಾಗಿತ್ತು, ಮೈಲೇಜೂ ಮೂರರಲ್ಲಿ ಉತ್ತಮವಾಗಿತ್ತು.

ಇನ್ನು ಬಿಸಿಲಿನ ವಾದ. ಹೊರಗೆ 25 ಡಿಗ್ರಿ ಇರಲಿ, 42 ಇರಲಿ, ಥರ್ಮೋಸ್ಟಾಟ್ ಮತ್ತು ರೇಡಿಯೇಟರ್ ಫ್ಯಾನ್ ಸೇರಿ ಕೂಲೆಂಟನ್ನು ಸುಮಾರು 90 ಡಿಗ್ರಿಯಲ್ಲೇ ಹಿಡಿದಿಡುತ್ತವೆ. ಆಯಿಲನ್ನು ಅದಕ್ಕಿಂತ ಮೇಲಕ್ಕೆ ಒಯ್ಯುವುದು ಮುಖ್ಯವಾಗಿ ಎಂಜಿನ್ ಮೇಲಿನ ಭಾರ. ಕಲಬುರಗಿಯ ಸಪಾಟು ಹೆದ್ದಾರಿಯಲ್ಲಿ, ಉರಿಬಿಸಿಲಿನಲ್ಲಿ, ಒಂದೇ ವೇಗದಲ್ಲಿ ಹೋಗುವಾಗ ತೆಳು ಆಯಿಲಿನಿಂದ ಯಾವ ತೊಂದರೆಯೂ ಕಾಣದಿರಲು ಕಾರಣ ಇದೇ ಎಂದು ನನ್ನ ತೀರ್ಮಾನ. ವ್ಯತ್ಯಾಸ ತೋರಿಸಿದ್ದು ಘಟ್ಟ. ಐದು ಜನ, ತುಂಬಿದ ಡಿಕ್ಕಿ, ಎಸಿ ಸಮೇತ ಉಜಿರೆ ಕಡೆಯಿಂದ ಕೊಟ್ಟಿಗೆಹಾರಕ್ಕೆ ಎರಡನೇ ಗೇರಿನಲ್ಲಿ ಏರುವಾಗ 0ಡಬ್ಲ್ಯು-20ರೊಂದಿಗೆ ಎಂಜಿನ್ ಸದ್ದು ಒರಟಾಯಿತು, ಆ ಅವಧಿಯಲ್ಲಿ ಡಿಪ್‌ಸ್ಟಿಕ್ ಮೇಲಿನ ಮಟ್ಟವೂ ತುಸು ಹೆಚ್ಚೇ ಇಳಿದಿತ್ತು. 5ಡಬ್ಲ್ಯು-30ರಲ್ಲಿ ಅದೇ ಏರು ನಯವಾಗಿ ಸಾಗಿತು. 150 ಡಿಗ್ರಿಯಲ್ಲಿ ವೇಗದ ಉಜ್ಜಾಟಕ್ಕೆ ಒಡ್ಡಿದಾಗ 20ರ ಆಯಿಲ್ ಉಳಿಸಿಕೊಳ್ಳಬೇಕಾದ ಕನಿಷ್ಠ ಸ್ನಿಗ್ಧತೆ 2.6, 30ರದ್ದು 2.9 ಮಿಲಿಪಾಸ್ಕಲ್ ಸೆಕೆಂಡ್. ಬೇರಿಂಗಿನಲ್ಲಿ ಲೋಹಗಳನ್ನು ದೂರವಿಡುವ ಆಯಿಲ್ ಪದರ ನಿಂತಿರುವುದು ಇದರ ಮೇಲೆ. 15ಡಬ್ಲ್ಯು-40ಕ್ಕೆ ಇದು 3.7. ಘಟ್ಟದಲ್ಲಿ ಅದೂ ಚೆನ್ನಾಗಿತ್ತು, ಆದರೆ 30ಕ್ಕಿಂತ ಮೇಲೆನಿಸಲಿಲ್ಲ, ಮತ್ತು ಬೆಳಗಿನ ಗರಗರವನ್ನು ಅದಕ್ಕಾಗಿ ಸಹಿಸುವ ಅಗತ್ಯವೂ ಕಾಣಲಿಲ್ಲ.

ಹೀಗಾಗಿ ನನ್ನ ಕಾರಿನಲ್ಲಿ ಈಗ ಇರುವುದು 5ಡಬ್ಲ್ಯು-30, ಡಬ್ಬದ ಮೇಲೆ ಪೆಟ್ರೋಲ್ ಎಂಜಿನ್ ಆಯಿಲಿನ ಗುಣಮಟ್ಟ ಸೂಚಿಸುವ ಎಪಿಐ ಎಸ್‌ಪಿ ದರ್ಜೆ ಇರುವಂಥದ್ದು. ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ಇರುವ ಬಿಎಸ್6 ಡೀಸೆಲ್ ಕಾರುಗಳಿಗೆ ಈ ಹೋಲಿಕೆ ಅನ್ವಯಿಸದು. ಅವುಗಳಿಗೆ ಕಡಿಮೆ ಬೂದಿಯ ಬೇರೆ ಆಯಿಲೇ ಬೇಕು. ಅದೇ ಮಾದರಿಯ ಕಾರನ್ನು ಊರೊಳಗಷ್ಟೇ ಓಡಿಸುವ ನನ್ನ ತಂಗಿಗೆ ಮಾತ್ರ 0ಡಬ್ಲ್ಯು-20 ಅನ್ನೇ ಮುಂದುವರಿಸಲು ಹೇಳಿದ್ದೇನೆ.