ಲೆದರ್ ಸೀಟಿಗೆ ಬ್ರಷ್ ಹಿಡಿದು ಬಂದರೆ ಅಲ್ಲೇ ತಡೆಯಿರಿ

ದಾವಣಗೆರೆ ಕಡೆ ಲೆದರ್ ಸೀಟಿನ ಕಾರು ಇಟ್ಟುಕೊಂಡವರು, ಅದರಲ್ಲೂ ತಿಳಿ ಬಣ್ಣದ ಸೀಟಿನವರು, ಡೀಟೇಲಿಂಗ್‌ಗೆ, ಅಂದರೆ ಒಳಗೂ ಹೊರಗೂ ಪೂರ್ತಿ ಸ್ವಚ್ಛ ಮಾಡಿಸಲು, ಬಿಡುವ ಮೊದಲು ದಯವಿಟ್ಟು ಇದನ್ನು ಓದಿ. ನನ್ನದು ಸೆಕೆಂಡ್ ಹ್ಯಾಂಡ್ ಬಿಎಂಡಬ್ಲ್ಯೂ ಝಡ್4, ಸ್ಪೋರ್ಟ್ಸ್ ಕಾರು. ಎರಡೇ ಸೀಟು, ಎರಡೂ ಕೆನೆ ಬಣ್ಣ. ಹಳೆಯ ಮಾಲೀಕರು ತುಂಬಾ ಜೋಪಾನವಾಗಿ ಇಟ್ಟುಕೊಂಡಿದ್ದರು. ಆ ಸೀಟು ಈಗ ಹಾಳಾಗಿದೆ. ಹಾಳು ಮಾಡಿದ್ದು ಬಿಸಿಲಲ್ಲ, ಧೂಳಲ್ಲ, ದುಡ್ಡು ಕೊಟ್ಟು ಮಾಡಿಸಿದ ಲೆದರ್ ಟ್ರೀಟ್‌ಮೆಂಟ್.

ಸೀಟಿನ ಮೇಲೆ ಇದ್ದದ್ದು ಜೀನ್ಸ್ ಪ್ಯಾಂಟಿನ ನೀಲಿ ಬಣ್ಣ ಅಂಟಿದ ಕಲೆ, ಅಷ್ಟೇ. ಇದು ಲೆದರ್, ಜೋರಾಗಿ ಉಜ್ಜಬೇಡಿ ಅಂತ ಹೇಳಿಯೇ ಊರಿನ ಒಂದು ಅಂಗಡಿಗೆ ಕಾರು ಬಿಟ್ಟಿದ್ದೆ. "ಚಿಂತೆ ಮಾಡಬ್ಯಾಡ್ರಿ ಅಣ್ಣಾ, ಸಂಜಿಗೆ ಬರ್ರಿ, ಶೋರೂಮಿಂದ ಬಂದಂಗ ಕಾಣ್ತಾವೆ" ಅಂದರು. ಸಂಜೆ ಹೋದಾಗ ಸೀಟು ಫಳಫಳ ಹೊಳೆಯುತ್ತಿತ್ತು. ಮುಟ್ಟಿದರೆ ಕೈಗೆ ಜಿಡ್ಡು. ನೆನಪಿಡಿ, ಈ ಹೊಳಪೇ ಮೊದಲ ಅಪಾಯದ ಗುರುತು. ಫ್ಯಾಕ್ಟರಿಯಿಂದ ಬಂದ ಒಳ್ಳೆಯ ಲೆದರ್ ಸಾಮಾನ್ಯವಾಗಿ ಮಂಕಾಗಿಯೇ ಇರುತ್ತದೆ. ಎಷ್ಟೋ ಜನ ಮಿಂಚಿದರೆ ಸ್ವಚ್ಛ ಅಂದುಕೊಳ್ಳುತ್ತಾರೆ, ಅಂಗಡಿಯವರಿಗೆ ಅದೇ ಬೇಕು.

ಕೆಲವೇ ವಾರಗಳಲ್ಲಿ ಡ್ರೈವರ್ ಸೀಟಿನ ಬಲಗಡೆ ಅಂಚಿನ ಉಬ್ಬು ದಿಂಬಿನ ಬಣ್ಣ ಬಿರುಕು ಬಿಟ್ಟು ಉದುರಲು ಶುರುವಾಯಿತು, ಒಳಗಿನ ಬೂದು ಚರ್ಮ ಕಾಣಿಸಿತು, ಹೊಲಿಗೆಯ ಸಂದಿಯಲ್ಲೆಲ್ಲಾ ಬಿಳಿ ಪುಡಿ ಕೂತಿತ್ತು. ವಾಪಸ್ ಹೋಗಿ ಕೇಳಿದಾಗ ಕೆಲಸ ಮಾಡಿದ ಹುಡುಗ ಏನನ್ನೂ ಮುಚ್ಚಿಡದೆ ಹೇಳಿದ. ಟೈರು, ಎಂಜಿನ್ ತೊಳೆಯುವ ಕ್ಲೀನರನ್ನೇ ನೀರು ಬೆರೆಸದೆ ಸಿಂಪಡಿಸಿದ್ದರು. ಡ್ರಿಲ್ ಮೆಷಿನ್ನಿಗೆ ಪ್ಲಾಸ್ಟಿಕ್ ಬ್ರಷ್ ಸಿಕ್ಕಿಸಿ ತಿಕ್ಕಿದ್ದರು. ಕಲೆ ಹೋಗದಿದ್ದಾಗ ಬಿಳಿ ಮ್ಯಾಜಿಕ್ ಸ್ಪಂಜಿನಿಂದ ಉಜ್ಜಿದ್ದರು. ಕೊನೆಗೆ ಡ್ಯಾಶ್‌ಬೋರ್ಡ್ ಪಾಲಿಶ್. ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ಅವನಿಗೆ ಯಾರೂ ಹೇಳಿಕೊಟ್ಟಿಲ್ಲ. ಲೆದರ್ ಕೆಲಸ ಅಂತ ಬೇರೆ ರೇಟ್ ಹಾಕಿ, ಬಾತ್‌ರೂಮ್ ಉಜ್ಜಿದ ಹಾಗೆ ಉಜ್ಜಿಸಿದವರ ಮೇಲೆ ಸಿಟ್ಟು. "ಹಳೇ ಗಾಡಿ ಅಲ್ರೀ, ಬಣ್ಣ ಮೊದಲೇ ಹೋಗಿತ್ತು" ಅಂದುಬಿಟ್ಟರು. ಬಿಡುವ ಮೊದಲು ತೆಗೆದ ಫೋಟೋ ನನ್ನ ಹತ್ತಿರ ಇತ್ತು, ಅದನ್ನು ತೋರಿಸಿದ ಮೇಲೆ ಕೊಟ್ಟ ದುಡ್ಡು ವಾಪಸ್ ಬಂತು. ನೀವೂ ಫೋಟೋ ತೆಗೆದೇ ಕಾರು ಬಿಡಿ.

ಈಗ ಮುಖ್ಯ ವಿಷಯ. ಇವತ್ತಿನ ಹೆಚ್ಚಿನ ಕಾರುಗಳಲ್ಲಿ ನಮ್ಮ ಕೈ ಮುಟ್ಟುವುದು ಚರ್ಮವನ್ನಲ್ಲ. ಅದರ ಮೇಲೆ ಬಣ್ಣದ ಪದರ, ಅದರ ಮೇಲೆ ಪಾಲಿಯುರೆಥೇನ್ ಲೇಪ ಇರುತ್ತದೆ. ಎರಡೂ ಸೇರಿ ಕಾಗದಕ್ಕಿಂತ ತೆಳು. ಸೀಟು ಉಳಿಯುವುದು ಈ ಪದರ ಉಳಿದರೆ ಮಾತ್ರ. ಮ್ಯಾಜಿಕ್ ಸ್ಪಂಜ್ ಅಂದರೆ ಮೆಲಮೈನ್ ಫೋಮ್, ಕೈಗೆ ಮೆತ್ತಗಿದ್ದರೂ ಅದು ತುಂಬಾ ನುಣುಪಾದ ಉಪ್ಪುಕಾಗದವೇ (ಸ್ಯಾಂಡ್‌ಪೇಪರ್). ಕಲೆಯ ಜೊತೆ ಲೇಪವನ್ನೂ ಕೆರೆದು ತೆಗೆಯುತ್ತದೆ. ಇನ್ನು ಚರ್ಮ ಸ್ವಭಾವದಿಂದ ಸ್ವಲ್ಪ ಆಮ್ಲೀಯ, ಅದರ ಪಿಎಚ್ (ಆಮ್ಲ, ಕ್ಷಾರದ ಅಳತೆ, 7 ಅಂದರೆ ನಡುಮಟ್ಟ, ಅದಕ್ಕಿಂತ ಮೇಲಿದ್ದರೆ ಕ್ಷಾರ) 4ರಿಂದ 5ರ ಆಸುಪಾಸು. ಎಂಜಿನ್ ತೊಳೆಯುವ ಕ್ಲೀನರುಗಳದ್ದು ಎಷ್ಟೋ ಸಲ 10 ದಾಟಿರುತ್ತದೆ. ಅದನ್ನು ನೇರವಾಗಿ ಸುರಿದರೆ ಲೇಪ ಸಡಿಲವಾಗುತ್ತದೆ, ಹೊಲಿಗೆಯಲ್ಲಿ ಇಳಿದರೆ ಚರ್ಮವೂ ಗಡುಸಾಗುತ್ತದೆ.

ಸ್ಪೋರ್ಟ್ಸ್ ಕಾರಿನಲ್ಲಿ ಇದು ಜಾಸ್ತಿ ಕಾಡುತ್ತದೆ. ಸೀಟು ತಗ್ಗು, ಪಕ್ಕದ ದಿಂಬು ಎತ್ತರ, ಹತ್ತುವಾಗ ಇಳಿಯುವಾಗ ಮೈ ಅದರ ಮೇಲೆಯೇ ಜಾರುತ್ತದೆ. ಮೊದಲೇ ಸವೆಯುವ ಜಾಗದಲ್ಲೇ ಲೇಪ ಕೆರೆದರೆ ಉಳಿಯುತ್ತದಾ? ಕೆಲವು ಕಾರುಗಳ ಸೀಟಿನ ನಡುವೆ ಆಲ್ಕಾಂಟರಾ ಇರುತ್ತದೆ. ಅದು ಚರ್ಮವೇ ಅಲ್ಲ, ಕೃತಕ ಬಟ್ಟೆ, ಲೆದರ್ ಮೆದುವಾಗಿರಲಿ ಅಂತ ಹಚ್ಚುವ ಕಂಡೀಷನರ್ ತಾಗಿದರೆ ಅಂಟಂಟಾಗಿ ಮುದ್ದೆಯಾಗುತ್ತದೆ. ನೀರು ಸುರಿಯಲು ಅಂತೂ ಬಿಡಲೇಬೇಡಿ, ಸೀಟಿನ ಅಡಿ ಏರ್‌ಬ್ಯಾಗಿನ ವೈರು, ಕನೆಕ್ಟರುಗಳಿರುತ್ತವೆ.

ಕಂಡೀಷನರ್ ಬಗ್ಗೆಯೂ ಒಂದು ಮಾತು. ಒಂದು ಹನಿ ನೀರು ಹಾಕಿ ನೋಡಿ. ಹನಿ ಮೇಲೆಯೇ ನಿಂತರೆ ಅದು ಲೇಪ ಇರುವ ಲೆದರ್. ಅದರ ಒಳಗೆ ಯಾವ ಎಣ್ಣೆಯೂ ಹೆಚ್ಚು ಇಳಿಯುವುದಿಲ್ಲ, ಹಾಗಾಗಿ "ಚರ್ಮಕ್ಕೆ ಪೋಷಣೆ" ಅಂತ ದುಬಾರಿ ಡಬ್ಬ ತೋರಿಸಿದರೆ ಮರುಳಾಗಬೇಡಿ. ತೆಳ್ಳಗೆ ಸವರಿ ಒರೆಸಿದರೆ ಸಾಕು, ಬಟ್ಟೆ ಉಜ್ಜಿ ಸವೆಯುವುದು ಸ್ವಲ್ಪ ಕಡಿಮೆಯಾಗುತ್ತದೆ. ಹನಿ ಇಂಗಿ ಆ ಜಾಗ ಕಪ್ಪಾದರೆ ಮಾತ್ರ ಅದು ಲೇಪವಿಲ್ಲದ್ದು, ಅಥವಾ ಲೇಪ ಹೋಗಿರುವುದು. ಕೊಬ್ಬರಿ ಎಣ್ಣೆ ಹಚ್ಚಿ ಅಂತ ಹೇಳುವವರು ನಮ್ಮಲ್ಲಿ ಬಹಳ. ಬೇಡ. ಧೂಳು ಹಿಡಿಯುತ್ತದೆ, ಆಮೇಲೆ ಕಮಟು ವಾಸನೆ ಬರುತ್ತದೆ.

ನಾನು ಈಗ ಮನೆಯಲ್ಲೇ ಮಾಡುವುದು ಇಷ್ಟು. ಮೊದಲು ವ್ಯಾಕ್ಯೂಮ್, ಇಲ್ಲದಿದ್ದರೆ ನಮ್ಮೂರಿನ ಧೂಳೇ ಸೀಟನ್ನು ಗೀರುತ್ತದೆ. ಲೆದರಿಗೆಂದೇ ಮಾಡಿದ ಕ್ಲೀನರನ್ನು ಬಟ್ಟೆಗೆ ಹಾಕಿಕೊಂಡು, ಸೀಟಿಗೆ ನೇರವಾಗಿ ಸಿಂಪಡಿಸದೆ, ಮೈಕ್ರೋಫೈಬರ್ ಬಟ್ಟೆಯಲ್ಲಿ ಹಗುರವಾಗಿ ಒರೆಸಿ, ಒದ್ದೆ ಬಟ್ಟೆ, ಆಮೇಲೆ ಒಣ ಬಟ್ಟೆ. ನೆರಳಲ್ಲೇ ಮಾಡಬೇಕು. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನ ಸೀಟು 60 ಡಿಗ್ರಿ ದಾಟಬಹುದು, ಹಾಕಿದ್ದೆಲ್ಲಾ ಅಲ್ಲೇ ಒಣಗಿ ಕಲೆಯಾಗುತ್ತದೆ. ಸ್ವಲ್ಪ ನೀಲಿ ಕಲೆ ಉಳಿದರೆ ಉಳಿಯಲಿ ಬಿಡಿ.

ಈಗಾಗಲೇ ಬಣ್ಣ ಹೋದವರು ಮತ್ತೆ ಬಣ್ಣ ಹಾಕಿಸಬಹುದು, ಇಡೀ ಸೀಟಿನ ಚರ್ಮ ಬದಲಿಸಬೇಕು ಅನ್ನುವವರ ಮಾತಿಗೆ ತಕ್ಷಣ ಒಪ್ಪಬೇಡಿ. ಆದರೆ ಸೀಟಿಗೆ ಸಿಲಿಕೋನ್ ಪಾಲಿಶ್ (ಎಷ್ಟೋ ಡ್ಯಾಶ್‌ಬೋರ್ಡ್ ಪಾಲಿಶ್‌ಗಳು ಇಂಥವೇ) ಬಿದ್ದಿದ್ದರೆ ಬಣ್ಣ ಹಾಕುವವರಿಗೆ ಮೊದಲೇ ಹೇಳಿ. ಅದನ್ನು ಪೂರ್ತಿ ತೆಗೆಯದಿದ್ದರೆ ಹೊಸ ಬಣ್ಣ ಹಿಡಿಯುವುದಿಲ್ಲ, ಸಿಪ್ಪೆ ಏಳುತ್ತದೆ.