ನೋಟ್‌ಪ್ಯಾಡಿನಲ್ಲಿ ಲಾಕ್ ಫೈಲ್ ಓದಿ ‘ಇವರೇ ಒಳಗಿರೋದು’ ಅನ್ನುವವರ ಬಗ್ಗೆ ಹುಷಾರು

ನಿಮ್ಮ ಆಫೀಸಿನಲ್ಲಿ ಎಲ್ಲರೂ ಸೇರಿ ಒಂದೇ ಮೈಕ್ರೋಸಾಫ್ಟ್ ಆಕ್ಸೆಸ್ ಡೇಟಾಬೇಸ್ ಬಳಸುತ್ತಿದ್ದರೆ ಇದನ್ನೊಮ್ಮೆ ಓದಿ. ಯಾರು ಒಳಗಿದ್ದಾರೆ ಅಂತ ಸರಿಯಾಗಿ ನೋಡದೆ ಕೈ ಹಾಕಿದ್ದಕ್ಕೆ ನಮ್ಮ ಬಿಲ್ಲಿನ ಫೈಲು ಹಾಳಾಯಿತು.

ಸರ್ವರಿನ ಶೇರ್ ಫೋಲ್ಡರಿನಲ್ಲಿದ್ದ ಆ ಫೈಲು ಊದಿಕೊಂಡು 2 ಜಿಬಿ ಮಿತಿಯ ಹತ್ತಿರ ಬಂದಿತ್ತು. ಕಾಂಪ್ಯಾಕ್ಟ್ ಮಾಡಲು, ಅಂದರೆ ಒಳಗಿನ ಖಾಲಿ ಜಾಗ ತೆಗೆದು ಚಿಕ್ಕದು ಮಾಡಲು, ನಿರ್ವಹಣೆಯ ಏಜೆನ್ಸಿ ಒಬ್ಬರನ್ನು ಕಳಿಸಿತು. ಈ ಕೆಲಸಕ್ಕೆ ಬೇರೆ ಯಾರೂ ಫೈಲು ತೆರೆದಿರಬಾರದು. ಯಾರೋ ತೆರೆದಿದ್ದರು. ಆತ ಪಕ್ಕದಲ್ಲಿದ್ದ ಲಾಕ್ ಫೈಲನ್ನು (ಡೇಟಾಬೇಸ್ ತೆರೆದವರ ಹೆಸರು ಆಕ್ಸೆಸ್ ಬರೆದಿಡುವ ಚಿಕ್ಕ ಫೈಲು) ನೋಟ್‌ಪ್ಯಾಡಿನಲ್ಲಿ ತೆರೆದರು. ಡೇಟಾಬೇಸ್ ಹಳೆಯ ಎಂಡಿಬಿ ಮಾದರಿಯದಾದರೆ ಲಾಕ್ ಫೈಲಿನ ಹೆಸರಿನ ಕೊನೆಗೆ ಎಲ್‌ಡಿಬಿ, 2007ರಿಂದ ಬಂದ ಎಸಿಸಿಡಿಬಿ ಆದರೆ ಎಲ್‌ಎಸಿಸಿಡಿಬಿ. ಒಂದಷ್ಟು ಕಂಪ್ಯೂಟರ್ ಹೆಸರು, ಪ್ರತಿಯೊಂದರ ಪಕ್ಕದಲ್ಲೂ ಅಡ್ಮಿನ್. ‘ಎಲ್ಲರೂ ಅಡ್ಮಿನ್ ಆಗಿ ಲಾಗಿನ್ ಆಗಿದ್ದೀರಲ್ಲ’ ಅಂತ ನಮಗೇ ಬುದ್ಧಿ ಹೇಳಿದರು! ಎಸಿಸಿಡಿಬಿಯಲ್ಲಿ ಬಳಕೆದಾರರ ಲಾಗಿನ್ ವ್ಯವಸ್ಥೆಯೇ ಇಲ್ಲ. ಅದಕ್ಕೇ ಎಲ್ಲರ ಹೆಸರೂ ಅಡ್ಮಿನ್ ಅಂತ ಬರೋದು.

ಆಮೇಲೆ ಆ ಹೆಸರು ಹಿಡಿದುಕೊಂಡು ಟೇಬಲ್ಲಿನಿಂದ ಟೇಬಲ್ಲಿಗೆ ಹೊರಟರು. ರಜೆಯಲ್ಲಿದ್ದವರ ಕಂಪ್ಯೂಟರ್ ಹೆಸರೂ ಪಟ್ಟಿಯಲ್ಲಿತ್ತು. ಅದು ಆಫ್ ಆಗಿತ್ತು. ‘ಹಾಗಾದ್ರೆ ಉಳಿದದ್ದೂ ಸುಮ್ನೆ ಹಳೇ ಹೆಸರುಗಳು’ ಅಂದವರೇ ಸರ್ವರಿಗೆ ಹೋಗಿ, ಯಾರು ಯಾವ ಫೈಲು ತೆರೆದಿದ್ದಾರೆ ಅಂತ ತೋರಿಸುವ ಓಪನ್ ಫೈಲ್ಸ್ ಪಟ್ಟಿಯಿಂದ ಡೇಟಾಬೇಸನ್ನು ಬಲವಂತವಾಗಿ ಮುಚ್ಚಿಬಿಟ್ಟರು. ‘ಡೆಸ್ಕ್‌ಟಾಪ್’ ಅಂತ ಶುರುವಾಗಿ ಕೊನೆಗೆ ಅರ್ಥವಿಲ್ಲದ ಅಕ್ಷರಗಳಿದ್ದ ಒಂದು ಹೆಸರು ಯಾರದ್ದು ಅಂತ ಗೊತ್ತಾಗದೆ ಬಿಟ್ಟಿದ್ದರು. ಅದು ಹೊಸದಾಗಿ ಬಂದ ಕಂಪ್ಯೂಟರು. ಅದರ ಮುಂದೆ ಕೂತವರು ಆಗ ಬಿಲ್ ಸೇವ್ ಮಾಡುತ್ತಿದ್ದರು.

ಮತ್ತೆ ತೆರೆಯಲು ಹೋದರೆ ಡೇಟಾಬೇಸ್ ಸ್ವರೂಪವೇ ಗುರುತು ಸಿಗುತ್ತಿಲ್ಲ ಅನ್ನುವ ಸಂದೇಶ. ರಿಪೇರಿ ಮಾಡಿದ ಮೇಲೆ ತೆರೆಯಿತೇನೋ ಹೌದು. ಆದರೆ ಕೆಲವು ಬಿಲ್ಲುಗಳಿಗೆ ಸಾಮಾನಿನ ವಿವರವೇ ಇರಲಿಲ್ಲ, ಡೇಟಾಬೇಸಿನ ಎರಡು ಟೇಬಲ್ಲುಗಳ ನಡುವಿನ ಸಂಬಂಧವೂ ಹಾರಿಹೋಗಿತ್ತು. ಕಾಗದದ ಪ್ರತಿ ಇಟ್ಟುಕೊಂಡು ಮತ್ತೆ ಟೈಪ್ ಮಾಡಿದವರು ನಾವು, ಏಜೆನ್ಸಿಯವರಲ್ಲ.

ಲಾಕ್ ಫೈಲು ಹಾಜರಿ ಪುಸ್ತಕದಂತೆ ಕಾಣುತ್ತದೆ, ಆದರೆ ಹೊರಗೆ ಹೋದವರ ಹೆಸರನ್ನು ಅದು ಹೊಡೆದು ಹಾಕುವುದಿಲ್ಲ. ಒಬ್ಬೊಬ್ಬರಿಗೆ 64 ಬೈಟ್ ಜಾಗ: 32 ಕಂಪ್ಯೂಟರ್ ಹೆಸರಿಗೆ, 32 ಲಾಗಿನ್ ಹೆಸರಿಗೆ. ಒಬ್ಬರು ಮುಚ್ಚಿ ಹೋದರೂ ಬರಹ ಅಲ್ಲೇ ಇರುತ್ತದೆ. ಮುಂದೆ ಬಂದವರು ಅದರ ಮೇಲೆ ಬರೆದರೆ ಮಾತ್ರ ಹೋಗುತ್ತದೆ. ಕೊನೆಯವರು ಹೊರಟಾಗ ಇಡೀ ಲಾಕ್ ಫೈಲೇ ಅಳಿಯಬೇಕು. ಆದರೆ ರಾತ್ರಿಯೂ ಯಾರಾದರೊಬ್ಬರು ತೆರೆದಿಟ್ಟು ಹೋಗುವ ಆಫೀಸಿನಲ್ಲಿ ಅದು ಅಳಿಯೋದು ಯಾವಾಗ? ಹಳೇ ಹೆಸರು, ನಿಜವಾಗಿ ಒಳಗಿರುವವರ ಹೆಸರು ಎಲ್ಲ ಒಟ್ಟಿಗೆ ಬಿದ್ದಿರುತ್ತವೆ. ಬರೀ ಕಣ್ಣಲ್ಲಿ ನೋಡಿ ಬೇರೆ ಮಾಡೋಕಾಗಲ್ಲ.

ಕೇಳಬೇಕಾದದ್ದು ಡೇಟಾಬೇಸ್ ಎಂಜಿನ್ನನ್ನೇ. ಎಡಿಒದಲ್ಲಿ (ಪ್ರೋಗ್ರಾಮಿನಿಂದ ಡೇಟಾಬೇಸಿಗೆ ಸಂಪರ್ಕ ಕೊಡುವ ಮೈಕ್ರೋಸಾಫ್ಟ್ ಸೌಲಭ್ಯ) ಓಪನ್‌ಸ್ಕೀಮಾ ಅನ್ನುವ ಆದೇಶ ಬಳಸಿ ‘ಯೂಸರ್ ರೋಸ್ಟರ್’, ಅಂದರೆ ಬಳಕೆದಾರರ ಪಟ್ಟಿ, ತರಿಸಬಹುದು. ಆಕ್ಸೆಸ್ಸಿನ ಹಳೆಯ ಎಂಜಿನ್ ಜೆಟ್ 4.0 ಕಾಲದಿಂದಲೂ ಈ ಸೌಲಭ್ಯ ಇದೆ. ಆಕ್ಸೆಸ್ಸಿನಲ್ಲಿ ಪ್ರೋಗ್ರಾಮ್ ಬರೆಯುವ ಭಾಷೆ ವಿಬಿಎ ಗೊತ್ತಿದ್ದವರಿಗೆ ನಾಲ್ಕಾರು ಸಾಲಿನ ಕೆಲಸ. ಕಂಪ್ಯೂಟರ್ ಹೆಸರು, ಲಾಗಿನ್ ಹೆಸರು, ಈಗ ಸಂಪರ್ಕದಲ್ಲಿದ್ದಾರಾ, ಅಸಹಜವಾಗಿ ಕಡಿದುಹೋದ ಅನುಮಾನ ಇದೆಯಾ ಅಂತ ನಾಲ್ಕು ಕಾಲಂ ಬರುತ್ತದೆ. ಫೈಲನ್ನು ಫ್ರಂಟ್ ಎಂಡ್ (ಫಾರ್ಮುಗಳಿರುವ ಫೈಲು), ಬ್ಯಾಕ್ ಎಂಡ್ (ಟೇಬಲ್ಲುಗಳಿರುವ ಫೈಲು) ಅಂತ ಒಡೆದಿದ್ದರೆ ಸಂಪರ್ಕವನ್ನು ಬ್ಯಾಕ್ ಎಂಡ್ ಫೈಲಿಗೇ ತೆರೆಯಬೇಕು. ಇಲ್ಲದಿದ್ದರೆ ನಿಮ್ಮ ಫ್ರಂಟ್ ಎಂಡಿನಲ್ಲಿ ನೀವೊಬ್ಬರೇ ಕಾಣಿಸುತ್ತೀರಿ, ಫೈಲು ಖಾಲಿ ಇದೆ ಅಂದುಕೊಳ್ಳುತ್ತೀರಿ. ಇದು ನೋಟ್‌ಪ್ಯಾಡಿಗಿಂತ ಜಾಸ್ತಿ ಅಪಾಯ, ಯಾಕಂದ್ರೆ ಉತ್ತರ ಅಚ್ಚುಕಟ್ಟಾಗಿ ಕಾಣುತ್ತದೆ.

ಇನ್ನೊಂದು ತೊಡಕಿದೆ. ಬ್ಯಾಕ್ ಎಂಡಿನಿಂದ ಲಿಂಕ್ ಮಾಡಿದ ಟೇಬಲ್ ಯಾವುದೂ ತೆರೆದಿಲ್ಲದಿದ್ದರೆ ಆ ಬಳಕೆದಾರರು ಪಟ್ಟಿಯಲ್ಲಿ ಇಲ್ಲದೇ ಹೋಗಬಹುದು. ಮರುಕ್ಷಣ ಒಂದು ಫಾರ್ಮ್ ತೆರೆದರೆ ಮತ್ತೆ ಒಳಗೆ ಬಂದಂತೆ. ಹಾಗಾಗಿ ಪಟ್ಟಿ ನೋಡುವ ಮೊದಲೇ ಅದೇ ಎಡಿಒ ಸಂಪರ್ಕದ ‘ಕನೆಕ್ಷನ್ ಕಂಟ್ರೋಲ್’ ಅನ್ನು 1ಕ್ಕೆ ಇಟ್ಟು ಹೊಸಬರು ಬರದಂತೆ ಮಾಡಿ. ಒಳಗಿರುವವರ ಕೆಲಸ ನಿಲ್ಲುವುದಿಲ್ಲ. ಅವರು ಮುಗಿಸಿ ಹೊರಗೆ ಬರಲಿ, ಪಟ್ಟಿಯಲ್ಲಿ ನೀವೊಬ್ಬರೇ ಉಳಿಯಲಿ. ಆಮೇಲೆ ಎಲ್ಲರಿಗೂ ಹೇಳಿ, ನಿಮ್ಮ ಸಂಪರ್ಕವನ್ನೂ ಮುಚ್ಚಿ, ಕಾಪಿ ತೆಗೆದಿಟ್ಟು ಕಾಂಪ್ಯಾಕ್ಟ್ ಶುರು ಮಾಡಿ. ನಿಮ್ಮದು ಮುಚ್ಚಿದಾಗ ಆ ತಡೆಯೂ ಹೋಗುತ್ತದೆ, ಅದಕ್ಕೇ ತಡ ಮಾಡಬೇಡಿ.

ಸರ್ವರಿನ ಓಪನ್ ಫೈಲ್ಸ್ ಪಟ್ಟಿಯನ್ನು ನೋಡುವುದರಲ್ಲಿ ತಪ್ಪಿಲ್ಲ. ಅಲ್ಲಿ ವಿಂಡೋಸ್ ಬಳಕೆದಾರರ ಹೆಸರೇ ಸಿಗುತ್ತದೆ, ಅಡ್ಮಿನ್ ಗೊಂದಲ ಇರಲ್ಲ. ವಿಂಡೋಸಿಗೆ ಟೈಪ್ ಮಾಡಿ ಆದೇಶ ಕೊಡುವ ಪವರ್‌ಶೆಲ್ಲಿನ ಗೆಟ್-ಎಸ್‌ಎಂಬಿಓಪನ್‌ಫೈಲ್ ಆದೇಶ ಕೂಡ ಇದನ್ನೇ ತೋರಿಸುತ್ತದೆ. ಅಲ್ಲಿಂದ ಮುಚ್ಚಲು ಮಾತ್ರ ಯಾರಿಗೂ ಬಿಡಬೇಡಿ, ಎಷ್ಟೇ ಅವಸರ ಇದ್ದರೂ. ಎಲ್ಲರೂ ಹೊರಗೆ ಬಂದ ಮೇಲೂ ಲಾಕ್ ಫೈಲು ಹಾಗೇ ಉಳಿದರೆ, ಆ ಫೋಲ್ಡರಿನಲ್ಲಿ ನಿಮ್ಮವರಿಗೆ ಡಿಲೀಟ್ ಮಾಡುವ ಅನುಮತಿ ಇದೆಯಾ ಅಂತ ಮೊದಲು ನೋಡಿ.