ಕಥೆಯ ನೀತಿ: ನಾವೇ ಹೇಳುವುದೋ, ಮಗುವಿನಿಂದ ಹೇಳಿಸುವುದೋ?

ಕಥೆಯ ನೀತಿಯನ್ನು ಕೊನೆಯಲ್ಲಿ ನಾವೇ ಹೇಳಬೇಕೇ, ಪ್ರಶ್ನೆ ಕೇಳಿ ಮಕ್ಕಳಿಂದಲೇ ಹೊರಡಿಸಬೇಕೇ ಎಂದು ಕೇಳಿದ್ದೀರಿ. ಸಮಯದ ದೃಷ್ಟಿಯಿಂದ ಮೊದಲನೆಯದೇ ಸುಲಭ. ತುಂಬಿದ ತರಗತಿಯಲ್ಲಿ ಅದು ಅನಿವಾರ್ಯವೂ ಹೌದು. ಗ್ರಹಿಕೆಯ ಮಾತು ಬೇರೆ. ಪಂಚತಂತ್ರದ ಕಥೆಯೊಂದರಲ್ಲಿ, ಹಾವನ್ನು ಕೊಂದು ಮಗುವನ್ನು ಕಾಪಾಡಿದ ಮುಂಗುಸಿಯ ಬಾಯಲ್ಲಿ ರಕ್ತ ಕಂಡ ತಾಯಿ, ತನ್ನ ಮಗುವನ್ನೇ ಅದು ಕೊಂದಿತೆಂದು ಭಾವಿಸಿ ಅದನ್ನು ಕೊಲ್ಲುತ್ತಾಳೆ. "ದುಡುಕಬಾರದು" ಎಂದು ನಾವು ಹೇಳಿದರೆ ಮಗು ಅದನ್ನು ಬಾಯಿಪಾಠ ಮಾಡುತ್ತದೆ, "ತಾಯಿ ಮೊದಲು ಒಳಗೆ ಹೋಗಿ ನೋಡಿದ್ದರೆ?" ಎಂದು ಕೇಳಿದರೆ ಕಾರಣವನ್ನು ತಾನೇ ಹುಡುಕುತ್ತದೆ. ಆದರೆ "ಮುಂಗುಸಿಯನ್ನು ಸಾಕಬಾರದು" ಎಂಬಂಥ ಉತ್ತರವೂ ಬಂದೀತು (ನನಗದು ಪೂರ್ತಿ ತಪ್ಪೆನಿಸುವುದಿಲ್ಲ), ಅದಕ್ಕೆ ಕಿವಿಗೊಡುವ ತಾಳ್ಮೆ ಬೇಕು. ಮೂರು ವರ್ಷದ ಮಗುವಿಗೆ ನೇರ ಮಾತು ಸಾಕು. ಏಕೆ, ಹೇಗೆ ಎಂದು ತಾನಾಗಿಯೇ ಕೇಳತೊಡಗಿದ ಮಗುವಿಗೆ ಪ್ರಶ್ನೆಯ ದಾರಿ ಒಪ್ಪುತ್ತದೆ.